ಮೂರನೆಯ ಕಲ್ಲು

ಇಪ್ಪತ್ತಾರು ವರ್ಷ ನೈರೋಬಿಯ ಶಾಲೆಯೊಂದರಲ್ಲಿ ಚರಿತ್ರೆ ಪಾಠ ಮಾಡಿದವಳು ನಾನು. ಆಧಾರವಿಲ್ಲದೆ ಒಂದು ಸಾಲು ಬರೆದರೂ ಮಕ್ಕಳ ಮಾರ್ಕು ಕತ್ತರಿಸುತ್ತಿದ್ದೆ. ಅಂಥವಳು ಕೂತು ಇದನ್ನು ಬರೆಯುತ್ತಿದ್ದೇನೆ ಎಂದರೆ ಇದು ನಡೆದಿದೆ ಎಂದೇ ಅರ್ಥ. ನಂಬದವರು ನಂಬದೇ ಇರಲಿ, ನನಗೇನೂ ನಷ್ಟವಿಲ್ಲ. ಆ ಸದ್ದನ್ನು ಈ ಕಿವಿಯಿಂದಲೇ ಕೇಳಿದ್ದೇನೆ. ಆ ಹಿಟ್ಟನ್ನು ಈ ಬೆರಳಿನಿಂದಲೇ ಒರೆಸಿದ್ದೇನೆ.

ಇಂಥ ಅನುಭವ ಬರೆಯುವವರು ಬರೆಯುವಾಗ ಕೈ ನಡುಗುತ್ತದೆ ಎನ್ನುತ್ತಾರೆ. ನನ್ನ ಕೈಯೂ ನಡುಗುತ್ತಿದೆ... ಆದರೆ ಭಯಕ್ಕಲ್ಲ, ಸಿಟ್ಟಿಗೆ. ಯಾರ ಮೇಲೆ ಅಂತೀರಾ? ನನ್ನ ಗಂಡನ ಮೇಲೆ.

ಇವರು ನೈರೋಬಿಯ ಹರ್ಲಿಂಗ್‌ಹ್ಯಾಮ್‌ನಲ್ಲಿ ಹಲ್ಲಿನ ಡಾಕ್ಟರು. ಕೈಗುಣ ಒಳ್ಳೆಯದು ಎಂದು ಊರೆಲ್ಲ ಹೊಗಳುತ್ತದೆ. ಆ ಕೈಗೆ ಇನ್ನೊಂದು ಗುಣವೂ ಇದೆ, ಅದು ಊರಿಗೆ ಗೊತ್ತಿಲ್ಲ. ಹೋದಲ್ಲೆಲ್ಲ ಏನಾದರೊಂದು ಎತ್ತಿಕೊಂಡು ಬರುತ್ತಾರೆ. ಹೋಟೆಲಿನ ಸೋಪು, ವಿಮಾನದ ಚಮಚ, ಮೊಂಬಾಸಾದ ಕಪ್ಪೆಚಿಪ್ಪು, ಮಗಾಡಿ ಕೆರೆಯ ಉಪ್ಪಿನ ಗಡ್ಡೆ. ಲೊರೆಶೋದ ನಮ್ಮ ಮನೆಯ ಷೋಕೇಸಿನ ತುಂಬ ಇವೇ. ಕೇಳಿದರೆ, ನೆನಪಿಗೆ ಕಣೇ ಅನ್ನುತ್ತಾರೆ. ನಾನೂ ಮೂವತ್ತು ವರ್ಷ ನಕ್ಕು ಸುಮ್ಮನಾದೆ. ನನ್ನ ಪಾಲಿನ ತಪ್ಪು ಅಲ್ಲಿಂದಲೇ ಶುರು.

ಹೋದ ವರ್ಷ ಅಕ್ಟೋಬರಿನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಇವರದ್ದೊಂದು ದಂತವೈದ್ಯರ ಸಮ್ಮೇಳನವಿತ್ತು. ನಾನು ಆಗಷ್ಟೇ ನಿವೃತ್ತಳಾಗಿದ್ದೆ, ಜೊತೆಗೆ ಹೊರಟೆ. ಮೂರನೆಯ ದಿನ ಬಾಡಿಗೆ ಕಾರು ಹಿಡಿದು ಒಂದು ಹಳೆಯ ಊರು ನೋಡಲು ಹೋದೆವು. ಅಲ್ಲಿನ ಮೂಲನಿವಾಸಿಗಳಾದ ಪ್ಯೂಬ್ಲೋ ಜನರ ಪೂರ್ವಿಕರು ಸುಮಾರು ಸಾವಿರ ವರ್ಷದ ಹಿಂದೆ ಮರುಭೂಮಿಯ ನಡುವೆ ಕಟ್ಟಿದ ಕಲ್ಲಿನ ಊರು. ಊರೆಂದರೆ ಬೀದಿ, ಮನೆ ಅಂತ ಬೇರೆ ಬೇರೆ ಅಲ್ಲ. ಒಂದೇ ದೊಡ್ಡ ಕಟ್ಟಡ, ಅದರೊಳಗೆ ನೂರಾರು ಕೋಣೆಗಳು, ಒಂದರ ಬೆನ್ನಿಗೆ ಒಂದು.

ನಮಗೆ ದಾರಿ ತೋರಿಸಿದ್ದು ಅದೇ ಜನಾಂಗದ ಒಬ್ಬ ಹೆಂಗಸು. ಅರವತ್ತರ ಹತ್ತಿರದವರು, ನರೆತ ಜಡೆ, ಮೆತ್ತಗಿನ ದನಿ. ಅವರು ಮೊದಲು ಹೇಳಿದ್ದೇ ಇದನ್ನು ಪಾಳು ಅನ್ನಬೇಡಿ ಎಂದು. ಇದು ನಮ್ಮ ಅಜ್ಜಿಯರ ಮನೆ, ಅವರು ಎಲ್ಲಿಗೂ ಹೋಗಿಲ್ಲ, ನೀವು ಇಲ್ಲಿ ನೆಂಟರು ಅಂದರು. ನೆಂಟರು ಹೇಗಿರಬೇಕೋ ಹಾಗಿರಿ, ಒಂದು ಹರಳನ್ನೂ ಕದಲಿಸಬೇಡಿ ಅಂದರು. ನಾನು ತಲೆಯಾಡಿಸಿದೆ. ಪಕ್ಕದಲ್ಲಿ ಇವರೂ ತಲೆಯಾಡಿಸಿದರು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಬಾಗಿಲುಗಳು ಬಹಳ ಗಿಡ್ಡ. ನಡು ಬಗ್ಗಿಸಿ, ತಲೆ ತಗ್ಗಿಸಿ ದಾಟಬೇಕು. ಒಂದು ಬಾಗಿಲೊಳಗಿಂದ ನೋಡಿದರೆ ಮುಂದಿನ ಬಾಗಿಲು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು... ಕೊನೆಯದರಲ್ಲಿ ಬರೀ ಕತ್ತಲೆ. ಯಾಕೋ ಗೊತ್ತಿಲ್ಲ, ನಾನು ಪ್ರತಿ ಕೋಣೆಗೂ ಬಲಗಾಲು ಮುಂದಿಟ್ಟೇ ಹೋದೆ. ಗೋಡೆಯ ಗಾರೆಯಲ್ಲಿ ಯಾರದ್ದೋ ಬೆರಳಿನ ಗುರುತು ಹಾಗೇ ಉಳಿದಿತ್ತು. ನನ್ನ ಬೆರಳಿಗಿಂತ ಸಣ್ಣ ಬೆರಳು. ಚಾವಣಿಯ ತೊಲೆಗಳ ಮೇಲೆ ಒಲೆಯ ಮಸಿ ಇನ್ನೂ ಅಂಟಿಕೊಂಡಿತ್ತು.

ಐದನೆಯದೋ ಆರನೆಯದೋ ಕೋಣೆ. ಆ ಅಮ್ಮ ಟಾರ್ಚು ಹಾಕಿ ತೋರಿಸಿದರು. ನೆಲದಲ್ಲಿ ಸಾಲಾಗಿ ಮೂರು ಬೀಸುವ ಕಲ್ಲುಗಳು, ಪ್ರತಿಯೊಂದರ ಮೇಲೂ ಒಂದು ಕೈಗಲ್ಲು. ನಮ್ಮ ಬೀಸುಕಲ್ಲಿನ ಹಾಗೆ ಗರಗರ ಸುತ್ತುವುದಲ್ಲ ಅದು. ಕಲ್ಲಿನ ಹಿಂದೆ ಮೊಣಕಾಲೂರಿ ಕೂತು, ಕೈಗಲ್ಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಮುಂದಕ್ಕೆ, ಹಿಂದಕ್ಕೆ ಉಜ್ಜಬೇಕು. ಮೊದಲನೆಯ ಕಲ್ಲಿನಲ್ಲಿ ಮೆಕ್ಕೆಜೋಳ ನುಚ್ಚಾಗುತ್ತದೆ. ನುಚ್ಚನ್ನು ಪಕ್ಕದವಳಿಗೆ ಕೊಟ್ಟರೆ ಎರಡನೆಯದರಲ್ಲಿ ತರಿಯಾಗುತ್ತದೆ. ಮೂರನೆಯದರಲ್ಲಿ ನುಣ್ಣನೆಯ ಹಿಟ್ಟು. ಮೂವರೂ ಒಟ್ಟಿಗೆ ಕೂತು ಹಾಡುತ್ತ ಬೀಸುತ್ತಿದ್ದರಂತೆ. ಮೂರನೆಯದು ಎಲ್ಲಕ್ಕಿಂತ ಚಿಕ್ಕದು, ಅದರ ಕೈಗಲ್ಲು ಒಂದು ಬನ್ನಿನಷ್ಟು. ಅದು ಕೆಲಸ ಕಲಿಯುವ ಹುಡುಗಿಯದು ಎಂದರು. ಅಂಗೈಯಲ್ಲಿ ನಾಲ್ಕು ಕಾಳು ಮೆಕ್ಕೆಜೋಳ ತೋರಿಸಿದರು, ನೀಲಿ ಬಣ್ಣದವು. ನಾನು ಹುಟ್ಟಿದಾಗ ನನ್ನಜ್ಜಿ ನನ್ನ ಪಕ್ಕದಲ್ಲಿ ಜೋಳದ ತೆನೆಯೊಂದನ್ನು ಮಲಗಿಸಿದ್ದಳು ಅಂದು ನಕ್ಕರು.

ನಾನು ಹಿಂದುಮುಂದು ನೋಡದೆ ಆ ಮೂರನೆಯ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ನಮ್ಮಮ್ಮ ಹಾಗೆ ಮಾಡುತ್ತಿದ್ದಳು. ಆ ಅಮ್ಮ ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ನಾನು ಹೊರಗಿರುತ್ತೇನೆ, ನಿಧಾನಕ್ಕೆ ನೋಡಿಕೊಂಡು ಬನ್ನಿ ಅಂದು ಹೋದರು.

ನಾನು ಮುಂದಿನ ಕೋಣೆಗೆ ದಾಟಿದೆ, ಇವರು ಹಿಂದೆ ಉಳಿದರು. ಒಣ ಮಣ್ಣಿನ ವಾಸನೆ. ಅದರ ನಡುವೆ ಹುರಿದ ಜೋಳದ ವಾಸನೆ, ಒಂದು ಕ್ಷಣ ಮಾತ್ರ. ಆಮೇಲೆ ಗೋಡೆಯಾಚೆ ಸದ್ದು... ಸರ್ರ್... ಸರ್ರ್... ಮುಂದಕ್ಕೆ, ಹಿಂದಕ್ಕೆ. ಇವರೇ ಹುಡುಗಾಟಕ್ಕೆ ಕಲ್ಲು ಉಜ್ಜುತ್ತಿದ್ದಾರೆ ಅಂದುಕೊಂಡು, ರೀ, ಮುಟ್ಟಬೇಡ್ರಿ ಅಂತ ಕೂಗಿದೆ. ಸದ್ದು ನಿಂತಿತು. ಅದಾದ ಮೇಲೆ ಇನ್ನೊಂದು ಸದ್ದು ಕೇಳಿತು, ಬ್ಯಾಗಿನ ಜಿಪ್ಪು ಎಳೆದ ಸದ್ದು. ಕ್ಯಾಮೆರಾ ಒಳಗಿಡುತ್ತಿದ್ದಾರೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು.

ಹೊರಗೆ ಬಂದಾಗ ಆ ಅಮ್ಮ ನಮ್ಮ ಹಿಂದಿನ ಬಾಗಿಲನ್ನೇ ನೋಡುತ್ತ ನಿಂತಿದ್ದರು, ಇನ್ನೂ ಯಾರೋ ಬರಬೇಕು ಅನ್ನುವ ಹಾಗೆ. ನೀವು ಇಬ್ಬರೇನಾ ಒಳಗಿದ್ದದ್ದು ಎಂದು ಕೇಳಿದರು. ಇವರು ಜೋರಾಗಿ ನಕ್ಕು ಹೌದು ಅಂದರು. ಅಷ್ಟು ಜೋರಾಗಿ ಇವರು ನಗುವುದು ಏನಾದರೂ ಬಚ್ಚಿಡುವಾಗ ಮಾತ್ರ. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಅದು ಹೊಳೆಯಲಿಲ್ಲ.

ಜನವರಿಯಲ್ಲಿ ನಮ್ಮ ಮಗಳು ಅನಘಾಗೆ ಹೆರಿಗೆಯಾಯಿತು. ಹೆಣ್ಣು ಮಗು. ಅಳಿಯ ಮೊಂಬಾಸಾ ಬಂದರಿನಲ್ಲಿ ಎಂಜಿನಿಯರು, ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದ. ಬಾಣಂತನ ನಮ್ಮ ಮನೆಯಲ್ಲೇ. ಮೂರನೆಯ ತಿಂಗಳಿಗೆ ತೊಟ್ಟಿಲು ಶಾಸ್ತ್ರ ಇಟ್ಟುಕೊಂಡೆವು.

ಈ ಶಾಸ್ತ್ರ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಗುವನ್ನು ತೊಟ್ಟಿಲಿಗೆ ಹಾಕುವ ಮೊದಲು ಒರಳಿನ ಗುಂಡುಕಲ್ಲನ್ನು ಹಾಕುತ್ತೇವೆ. ಗುಂಡುಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಕೂಸಿನ ಹಾಗೆ ಬಟ್ಟೆ ಸುತ್ತಿ, ಅದಕ್ಕೊಂದು ಹೆಸರಿಟ್ಟು, ಜೋಗುಳ ಹಾಡಿ ತೂಗುತ್ತೇವೆ. ಕಲ್ಲು ಮಗುವಿಗೆ ಅಣ್ಣನೋ ಅಕ್ಕನೋ ಆಗುತ್ತದೆ, ಮಗು ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಅಂತ. ಇಬ್ಬರು ಹೆಂಗಸರು ತೊಟ್ಟಿಲಿನ ಆಚೆ ಈಚೆ ನಿಂತು ತೊಟ್ಟಿಲ ಕೆಳಗಿಂದ ಕಲ್ಲನ್ನೂ ಮೇಲಿಂದ ಮಗುವನ್ನೂ ಕೈ ಬದಲಿಸಿಕೊಳ್ಳುತ್ತಾರೆ. ನಿಮ್ಮ ಗುಂಡನ್ನ ತಗೊಳ್ಳಿ, ನಮ್ಮ ಕೂಸನ್ನ ಕೊಡಿ... ಮೂರು ಸಲ. ಶಾಸ್ತ್ರ ಮುಗಿದ ಮೇಲೆ ಕಲ್ಲನ್ನು ಅದರ ಒರಳಿಗೆ ಮರಳಿಸಿ ಒಂದು ಹಿಡಿ ಕಾಳು ಹಾಕಬೇಕು.

ನೈರೋಬಿಯ ನಮ್ಮ ಪರಿಚಯದ ಕನ್ನಡದವರಲ್ಲೆಲ್ಲ ಸುತ್ತುವುದು ಒಂದೇ ಮರದ ತೊಟ್ಟಿಲು. ಅದರ ಜೊತೆಗೆ ಒಂದು ಗುಂಡುಕಲ್ಲೂ ಸುತ್ತುತ್ತದೆ. ತೊಟ್ಟಿಲು ತಂದವರು ಪದ್ಮಕ್ಕ, ನಮ್ಮಲ್ಲಿ ಹಿರಿಯರು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ತೊಟ್ಟಿಲು ಬಂತು, ಕಲ್ಲು ಬರಲಿಲ್ಲ. ಹಿಂದಿನ ಸಲ ಒಯ್ದವರು ದಾರ್ ಎಸ್ ಸಲಾಮಿಗೆ ವರ್ಗವಾಗುವಾಗ ಸಾಮಾನಿನ ಜೊತೆ ಕಟ್ಟಿಕೊಂಡು ಹೋಗಿದ್ದರು. ಮನೆ ತುಂಬ ನೆಂಟರು, ಅಡುಗೆ ಆರುತ್ತಿದೆ, ಮುಹೂರ್ತ ಮೀರುತ್ತಿದೆ. ಎಲ್ಲರ ಮನೆಯಲ್ಲೂ ಮಿಕ್ಸಿ, ಕಲ್ಲು ಯಾರ ಹತ್ತಿರ ಇದ್ದೀತು?

ಆಗ ಇವರು ಒಳಕೋಣೆಗೆ ಹೋಗಿ ಒಂದು ಕಲ್ಲು ತಂದು ನನ್ನ ಕೈಗಿಟ್ಟರು. ನೈವಾಷಾ ಕೆರೆ ದಂಡೆಯಲ್ಲಿ ಸಿಕ್ಕಿದ್ದು, ಚೆನ್ನಾಗಿದೆ ಅಂತ ಇಟ್ಟಿದ್ದೆ ಅಂದರು.

ಬನ್ನಿನಷ್ಟು ದಪ್ಪ. ಒಂದು ಮಗ್ಗುಲು ಒರಟು, ಇನ್ನೊಂದು ಮಗ್ಗುಲು ಸವೆದು ಸವೆದು ನುಣ್ಣಗೆ ಚಪ್ಪಟೆ. ಕೆರೆಯ ಕಲ್ಲು ಹಾಗೆ ಒಂದೇ ಕಡೆ ಸವೆಯುತ್ತದೆಯೇ? ಚರಿತ್ರೆಯ ಟೀಚರಿಗೆ ಇಷ್ಟು ತಿಳಿಯಬೇಡವೇ? ತಿಳಿಯಿತು. ಬೆರಳಿಗೆ ತಿಳಿಯಿತು, ತಲೆ ಕೇಳಲಿಲ್ಲ. ಪದ್ಮಕ್ಕ ಬೇಗ ಬೇಗ ಅನ್ನುತ್ತಿದ್ದರು. ನಾನೇ ಅರಿಶಿನ ಹಚ್ಚಿದೆ. ನಾನೇ ಬಟ್ಟೆ ಸುತ್ತಿದೆ. ನಿಮ್ಮ ಗುಂಡನ್ನ ತಗೊಳ್ಳಿ, ನಮ್ಮ ಕೂಸನ್ನ ಕೊಡಿ ಎಂದು ಮೂರು ಸಲ ನನ್ನ ಬಾಯಾರೆ ಹೇಳಿದೆ. ಮಗುವಿಗೆ ಈಶಾ ಎಂದು ಹೆಸರಿಟ್ಟೆವು. ಕಲ್ಲಿಗೆ ಗುಂಡಮ್ಮ ಎಂದರು ಪದ್ಮಕ್ಕ, ಎಲ್ಲರೂ ನಕ್ಕರು.

ಊಟವಾದ ಮೇಲೆ ಪದ್ಮಕ್ಕ ಕೇಳಿದರು, "ಇದರ ಒರಳು ಎಲ್ಲಮ್ಮಾ? ವಾಪಸ್ ಇಡಬೇಕಲ್ಲ." ಒರಳು ಇಲ್ಲ ಅಂದೆ. ಹಾಗಾದರೆ ತೊಟ್ಟಿಲಲ್ಲೇ ಇರಲಿ, ಕೂಸಿನ ಕಾಲ ಹತ್ತಿರ ಅಂದರು. ಇಟ್ಟೆ.

ಅವತ್ತೇ ಸಂಜೆ. ಇಲ್ಲಿ ಆರೂವರೆಗೆ ಸೂರ್ಯ ಮುಳುಗಿದರೆ ಏಳಕ್ಕೆ ಕಗ್ಗತ್ತಲು. ನೆಂಟರೆಲ್ಲ ಹೋಗಿದ್ದರು. ಅಡುಗೆಮನೆಯಲ್ಲಿ ಎಸ್ತರ್ ಪಾತ್ರೆ ತೊಳೆಯುತ್ತಿದ್ದಳು. ಹದಿನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿರುವವಳು, ಅನಘಾಳನ್ನು ಶಾಲೆಯ ಬಸ್ಸಿಗೆ ಹತ್ತಿಸಿದವಳು. ನಾನು ಡಬ್ಬಿಗಳನ್ನು ಮುಚ್ಚಿಡುತ್ತಿದ್ದೆ. ಇದ್ದಕ್ಕಿದ್ದಂತೆ ಎಸ್ತರ್ ನಲ್ಲಿ ನಿಲ್ಲಿಸಿದಳು.

"ಮಾಮಾ, ನಾನಿ ಅನಸಾಗ?"

ಅಮ್ಮಾ, ಯಾರು ಬೀಸುತ್ತಿದ್ದಾರೆ ಎಂದು ಸ್ವಾಹಿಲಿಯಲ್ಲಿ. ನನಗೂ ಆಗ ಕೇಳಿತು. ಸರ್ರ್... ಸರ್ರ್... ಮಗುವಿನ ಕೋಣೆಯ ಕಡೆಯಿಂದ. ಎಸ್ತರ್ ಮೆಲ್ಲಗೆ ಹೇಳಿದಳು, ಇದು ನಮ್ಮ ಊರಿನ ಕಡೆ ಅಜ್ಜಿಯರು ರಾಗಿ ಬೀಸುವ ಸದ್ದು, ಕಲ್ಲಿನ ಮೇಲೆ ಕಲ್ಲು, ನಾನು ಚಿಕ್ಕವಳಿದ್ದಾಗ ಕೇಳಿದ್ದು. ಹೋಗಿ ನೋಡಿದರೆ ಏನೂ ಇಲ್ಲ. ಕೂಸು ತೊಟ್ಟಿಲಲ್ಲಿ ಕಣ್ಣು ಬಿಟ್ಟು ಮಲಗಿತ್ತು. ತೊಟ್ಟಿಲು ಮಾತ್ರ ಸಣ್ಣಗೆ ತೂಗುತ್ತಿತ್ತು. ಕಿಟಕಿಗಳು ಮುಚ್ಚಿದ್ದವು.

ಮಾರನೆಯ ದಿನವೂ ಅದೇ ಹೊತ್ತು, ಅದೇ ಸದ್ದು. ಜೊತೆಗೆ ಹುರಿದ ಜೋಳದ ವಾಸನೆ. ರಸ್ತೆಯ ತುದಿಯಲ್ಲಿ ಜೋಳ ಸುಡುವವನಿದ್ದಾನೆ, ಅಲ್ಲಿಂದ ಬಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಹೊರಗೆ ಧೋ ಎಂದು ಮಳೆ ಸುರಿಯುತ್ತಿತ್ತು, ಅವನು ಅಂಗಡಿ ಹಾಕಿರಲೇ ಇಲ್ಲ.

ಸದ್ದು, ವಾಸನೆ ಇದ್ದರೆ ಇರಲಿ ಅನ್ನಬಹುದಿತ್ತು. ಮಗು ಹಾಲು ಬಿಟ್ಟಿತು. ಹಗಲೆಲ್ಲ ಸರಿಯಾಗಿ ಕುಡಿಯುವ ಕೂಸು, ಸಂಜೆ ಆ ಸದ್ದು ಶುರುವಾದ ಮೇಲೆ ಬೆಳಗಿನವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ಅಳುವುದೂ ಇಲ್ಲ. ಹಸಿದ ಮಗು ಅಳಬೇಕಲ್ಲ? ಹೊಟ್ಟೆ ತುಂಬಿದವರ ಹಾಗೆ ತೃಪ್ತಿಯಾಗಿ ಬಿದ್ದುಕೊಂಡಿರುತ್ತಿತ್ತು. ಅನಘಾ ಎದೆಯಲ್ಲಿ ಹಾಲು ಕಟ್ಟಿಕೊಂಡು ರಾತ್ರಿಯೆಲ್ಲ ಒದ್ದಾಡುತ್ತಿದ್ದಳು. ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿ ಎಲ್ಲ ಸರಿಯಿದೆ ಅಂದರು. ತಕ್ಕಡಿಯಲ್ಲಿ ಮಾತ್ರ ತೂಕ ಇಳಿಯುತ್ತಿತ್ತು. ಇವರು, ಹವಾಮಾನ ಕಣೇ ಅಂದರು. ಇವರಿಗೆ ಎಲ್ಲದಕ್ಕೂ ಒಂದು ಉತ್ತರ ಇರುತ್ತದೆ.

ಶಾಸ್ತ್ರವಾದ ನಾಲ್ಕನೆಯ ದಿನ, ಗುರುವಾರ ಸಂಜೆ ಆರೂಮುಕ್ಕಾಲು. ಕರೆಂಟು ಹೋಯಿತು. ಇವರು ಕ್ಲಿನಿಕ್ಕಿನಿಂದ ಹೊರಟು ಜಾಮಿನಲ್ಲಿ ಸಿಕ್ಕಿಕೊಂಡಿದ್ದರು. ಅನಘಾ ಸುಸ್ತಾಗಿ ನನ್ನ ಕೋಣೆಯಲ್ಲಿ ನಿದ್ದೆ ಹೋಗಿದ್ದಳು. ನಾನೂ ಎಸ್ತರೂ ಅಡುಗೆಮನೆಯಲ್ಲಿ ಮೇಣದ ಬತ್ತಿ ಹುಡುಕುತ್ತಿದ್ದೆವು.

ಸರ್ರ್... ಸರ್ರ್...

ಅವತ್ತು ಒಂದು ಕಲ್ಲಿನ ಸದ್ದಲ್ಲ. ಎರಡು. ಒಂದು ದೊರಗು, ಒಂದು ಅದಕ್ಕಿಂತ ಮೆತ್ತಗೆ. ಅವುಗಳ ಮೇಲೆ ದನಿ... ಹಾಡು ಅಂತಲೂ ಅನ್ನಲಾಗದು, ಮೂಗಿನಲ್ಲೇ ಗುನುಗುವುದು, ಇಬ್ಬರು ಹೆಂಗಸರು ಒಟ್ಟಿಗೆ. ಎಸ್ತರ್ ನನ್ನ ತೋಳು ಹಿಡಿದುಕೊಂಡಳು.

ಫೋನಿನ ಟಾರ್ಚು ಹಾಕಿಕೊಂಡು ನಡೆದೆ. ನಮ್ಮದು ಹಳೆಯ ಬಂಗಲೆ, ಮರದ ನೆಲ, ಕಾಲಿಟ್ಟಲ್ಲೆಲ್ಲ ಕಿರುಗುಟ್ಟುತ್ತದೆ. ನಡುಮನೆ ದಾಟಿದೆ. ಊಟದ ಮನೆ ದಾಟಿದೆ. ಬಾಗಿಲು, ಅದರಾಚೆ ಬಾಗಿಲು... ಕೊನೆಯದು ಮಗುವಿನ ಕೋಣೆ. ನಾನು ಬದುಕಿದ ಮನೆಯೇ, ಆದರೂ ಆ ಬಾಗಿಲು ದಾಟುವಾಗ ತಲೆ ತಾನಾಗಿ ತಗ್ಗಿತು.

ಸದ್ದು ನಿಂತಿತು.

ತೊಟ್ಟಿಲಿಗೆ ಬೆಳಕು ಬಿಟ್ಟೆ. ಈಶಾಳ ಹಳದಿ ಕುಲಾವಿ ಕಂಡಿತು, ಹೊದಿಕೆ ಕಂಡಿತು. ಕೈ ಹಾಕಿ ಎತ್ತಿದೆ. ಭಾರ. ತಣ್ಣಗೆ. ಕುಲಾವಿಯೊಳಗೆ ಮುಖ ಇರಲಿಲ್ಲ, ಕಲ್ಲಿತ್ತು.

ಟಾರ್ಚು ತಿರುಗಿಸಿದೆ. ಗೋಡೆಯ ಮೂಲೆಯಲ್ಲಿ, ನೆಲದ ಮೇಲೆ, ಮಡಿಸಿದ ಕಂಬಳಿಯಲ್ಲಿ ಮಗು ಮಲಗಿತ್ತು. ಮೂರು ತಿಂಗಳ ಕೂಸು, ಮಗುಚಿಕೊಳ್ಳಲೂ ಬಾರದು, ತೊಟ್ಟಿಲಿನ ಕಟಕಟೆ ನನ್ನ ಸೊಂಟದಷ್ಟು ಎತ್ತರ. ಅದು ನಗುತ್ತಿತ್ತು. ನನ್ನನ್ನು ನೋಡಿಯಲ್ಲ, ತನ್ನ ಎಡಕ್ಕೆ ಯಾರನ್ನೋ ತಲೆಯೆತ್ತಿ ನೋಡಿ. ಹಣೆಯ ಮೇಲೆ ಹಿಟ್ಟಿನ ಬೊಟ್ಟು. ತುಟಿಯ ಮೇಲೂ ಒಂದಿಷ್ಟು.

ಮಗುವಿನ ಎಡಕ್ಕೆ, ಮರದ ನೆಲದ ಮೇಲೆ ಹಿಟ್ಟು ತೆಳ್ಳಗೆ ಚೆಲ್ಲಿತ್ತು. ಅದರಲ್ಲಿ ಎರಡೆರಡು ದುಂಡನೆಯ ಗುರುತು, ಮೊಣಕಾಲೂರಿ ಕೂತವರದು. ಇಬ್ಬರದು, ಅಕ್ಕಪಕ್ಕ. ಮೂರನೆಯ ಜಾಗದಲ್ಲಿ ನನ್ನ ಮೊಮ್ಮಗಳು.

ಮಗುವನ್ನು ಎತ್ತಿ ಎದೆಗವಚಿಕೊಂಡೆ. ಹೆಬ್ಬೆರಳಿನಿಂದ ಹಣೆ ಒರೆಸಿದೆ. ಎಸ್ತರ್ ಬಗ್ಗಿ ಟಾರ್ಚಿನ ಬೆಳಕಿನಲ್ಲಿ ಹಿಟ್ಟು ಮುಟ್ಟಿ ನೋಡಿದಳು. ಇಲ್ಲಿನವರ ಮುದ್ದೆ ಉಗಾಲಿ, ಅದಕ್ಕೆ ಬಳಸುವ ಜೋಳದ ಹಿಟ್ಟು ಬಿಳಿ. ಇದು ನೀಲಿ.

ಆಗ ನನಗೆ ಎಲ್ಲ ಒಟ್ಟಿಗೆ ಹೊಳೆಯಿತು. ಜಿಪ್ಪಿನ ಸದ್ದು. ಜೋರು ನಗು. ಒಂದೇ ಮಗ್ಗುಲು ಸವೆದ ಕಲ್ಲು. ಭಯ ಎಲ್ಲಿತ್ತೋ ಎಲ್ಲಿ ಹೋಯಿತೋ... ಕಾಲಿನಿಂದ ನೆತ್ತಿಯವರೆಗೆ ಸಿಟ್ಟು ಹತ್ತಿತು.

ಇವರು ಏಳೂಕಾಲಿಗೆ ಬಂದರು. ನಾನು ಊಟದ ಮೇಜಿನ ಹತ್ತಿರ ಮೇಣದ ಬತ್ತಿ ಹಚ್ಚಿಕೊಂಡು ಕೂತಿದ್ದೆ, ತೊಡೆಯ ಮೇಲೆ ಮಗು, ಮೇಜಿನ ಮೇಲೆ ಕಲ್ಲು. ಅನಘಾ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು.

"ಎಲ್ಲಿಂದ ತಂದ್ರಿ ಇದನ್ನ?"

"ಹೇಳಿದ್ನಲ್ಲೇ, ನೈವಾಷಾ."

ನಡೆದದ್ದನ್ನು ಹೇಳಿದೆ. ಇವರು ಏನು ಮಾಡಿದರು ಗೊತ್ತೇ? ಎಸ್ತರ್ ಕಡೆ ತಿರುಗಿದರು. ಮಗುವನ್ನು ಇವಳೇ ಎತ್ತಿ ನೆಲದಲ್ಲಿ ಮಲಗಿಸಿರಬೇಕು, ಅಡುಗೆಮನೆಯ ಹಿಟ್ಟಿನ ಕೈಯಲ್ಲಿ ಮುಟ್ಟಿರಬೇಕು, ನಾಳೆಯಿಂದ ಬರುವುದು ಬೇಡ ಅಂದರು. ಇಂಗ್ಲಿಷಿನಲ್ಲಿ, ಅವಳಿಗೆ ಅರ್ಥವಾಗಲಿ ಅಂತಲೇ. ಹದಿನಾಲ್ಕು ವರ್ಷ ನಮ್ಮ ಅನ್ನ ಬೇಯಿಸಿದವಳು ಸುಮ್ಮನೆ ತಲೆ ತಗ್ಗಿಸಿ ನಿಂತಳು. ಮೂವತ್ತು ವರ್ಷದಲ್ಲಿ ಮೊದಲ ಸಲ ನನಗೆ ಈ ಮನುಷ್ಯನ ಮುಖ ನೋಡಬಾರದು ಅನ್ನಿಸಿತು.

ಅನಘಾ ಮೆಲ್ಲಗೆ ಅಂದಳು, "ಅಪ್ಪಾ, ಜಸ್ಟ್ ಟೆಲ್ ಹರ್."

ಅಂದರೆ ಇವಳಿಗೂ ಗೊತ್ತಿತ್ತು. ಅಮೆರಿಕದಿಂದ ಬಂದ ವಾರವೇ ಅಪ್ಪ ತೋರಿಸಿದ್ದರಂತೆ, ಅಮ್ಮನಿಗೆ ಹೇಳಬೇಡ ಅಂದಿದ್ದರಂತೆ. ಶಾಸ್ತ್ರದ ದಿನ ಅದೇ ಕಲ್ಲು ಎಂದು ಗುರುತು ಹಿಡಿದೂ ಇವಳು ಬಾಯಿ ಬಿಟ್ಟಿರಲಿಲ್ಲ.

ಇವರು ಕುರ್ಚಿಯಲ್ಲಿ ಕೂತರು. "ಚಿಕ್ಕದೊಂದು ಕಲ್ಲು ಕಣೇ," ಅಂದರು. "ಅಲ್ಲಿ ಸಾವಿರ ಕಲ್ಲಿದ್ವು."

"ಮೂರೇ ಇದ್ದದ್ದು," ಅಂದೆ.

ಈ ದೇಶದ ಕರಾವಳಿಯಲ್ಲಿ ಸತ್ತ ಹಿರಿಯರಿಗೆ ನೆಟ್ಟ ಕೆತ್ತನೆಯ ಕಂಬಗಳನ್ನು ಕಿತ್ತು ದೂರದೇಶಗಳಿಗೆ ಮಾರಿದ ಕಥೆಯನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಮನೆಗೆ ಬಂದು ಊಟ ಬಡಿಸುತ್ತ ಇವರಿಗೂ ಹೇಳುತ್ತಿದ್ದೆ. ಛೇ ಛೇ, ಎಂಥ ಜನ ಅನ್ನುತ್ತಿದ್ದರು ಇವರು.

ಮೊದಲು ಎಸ್ತರ್ ಹತ್ತಿರ ಕ್ಷಮೆ ಕೇಳಿ ಅಂದೆ. ಕೇಳಿದರು. ಆಮೇಲೆ ಕಲ್ಲನ್ನು ಒಂದು ತಟ್ಟೆಯಲ್ಲಿಟ್ಟು, ಸುತ್ತ ಒಂದು ಹಿಡಿ ಜೋಳ ಹಾಕಿ, ಹೊರಗಿನ ವರಾಂಡಕ್ಕೆ ಒಯ್ದೆ. ಮಳೆ ನಿಂತಿತ್ತು. ಯಾರ ಹತ್ತಿರ ಯಾವ ಭಾಷೆಯಲ್ಲಿ ಮಾತಾಡಬೇಕೋ ಗೊತ್ತಾಗಲಿಲ್ಲ. ಬರುವ ಭಾಷೆಯಲ್ಲೇ ಹೇಳಿದೆ, "ತಾಯಂದಿರಾ, ತಪ್ಪು ನಮ್ಮದು. ನಿಮ್ಮ ಕಲ್ಲು ನಿಮಗೆ ಕಳಿಸ್ತೀವಿ. ನಿಮ್ಮ ಗುಂಡನ್ನ ತಗೊಳ್ಳಿ. ನಮ್ಮ ಕೂಸನ್ನ ಕೊಡಿ."

ಒಳಗೆ ಮಗು ಅಳತೊಡಗಿತು. ನಾಲ್ಕು ದಿನದಲ್ಲಿ ಮೊದಲ ಸಲ, ಹಸಿದ ಮಗುವಿನ ಅಳು. ಅನಘಾ ಎದೆಗೆ ಹಾಕಿಕೊಂಡಳು. ಗಟಗಟ ಕುಡಿಯಿತು. ಎಸ್ತರ್ ಗೋಡೆಗೊರಗಿ ಕಣ್ಣೊರೆಸಿಕೊಂಡಳು. ನಾನು ಅಳಲಿಲ್ಲ. ಇವರನ್ನು ಮೇಜಿನ ಮುಂದೆ ಕೂರಿಸಿ, ನಮಗೆ ದಾರಿ ತೋರಿಸಿದ ಆ ಅಮ್ಮನಿಗೆ ಕಾಗದ ಬರೆಸಿದೆ.

ಬರೆಯುವುದಕ್ಕೂ ಹಿಂದೇಟು ಹಾಕಿದರು. ಅಲ್ಲಿನ ಕಾನೂನು ಕಠಿಣ, ಹೆಸರು ಹಾಕಿದರೆ ಕೇಸಾಗಬಹುದು, ಹೆಸರಿಲ್ಲದೆ ಕಳಿಸೋಣ ಅಂದರು. ಹೆಸರು, ವಿಳಾಸ, ಎಲ್ಲ ಬರೀರಿ ಅಂದೆ. ಬರೆದರು. ಕದ್ದದ್ದು ನಾನು, ಕ್ಷಮಿಸಿ, ಮೂರನೆಯ ಕಲ್ಲಿನ ಮೇಲೆ ಇದನ್ನು ಇಟ್ಟುಬಿಡಿ, ಅಷ್ಟೇ. ಕಾಗದವನ್ನು ನಾನು ಎರಡು ಸಲ ಓದಿದೆ. ಮಗುವಿನ ವಿಷಯ ಅದರಲ್ಲಿ ಒಂದಕ್ಷರ ಇರಲಿಲ್ಲ. ಬೇಡ ಅಂದವಳು ನಾನೇ. ಮಾರನೆಯ ದಿನ ಇವರು ಹರ್ಲಿಂಗ್‌ಹ್ಯಾಮ್‌ನಲ್ಲೇ ಕೊರಿಯರ್ ಮಾಡಿ ರಸೀದಿ ತಂದು ತೋರಿಸಿದರು.

ಒಂದೂವರೆ ತಿಂಗಳಿಗೆ ಉತ್ತರ ಬಂತು. ನರೆತ ಜಡೆಯ ಆ ಅಮ್ಮನೇ ಕೈಯಾರೆ ಬರೆದದ್ದು, ನಾಲ್ಕೇ ಸಾಲು. ಕಲ್ಲು ತಲುಪಿತು. ಅದರ ಜಾಗದಲ್ಲಿ ಇಟ್ಟಿದ್ದೇವೆ. ಮರಳಿಸಿದ್ದಕ್ಕೆ ಧನ್ಯವಾದ. ಕೊನೆಯ ಸಾಲು ಹೀಗಿತ್ತು: ಪುಟ್ಟ ಹುಡುಗಿ ಈಗ ಚೆನ್ನಾಗಿ ಹಾಲು ಕುಡಿಯುತ್ತಿದ್ದಾಳೆಯೇ?

ಕಾಗದ ಹಿಡಿದುಕೊಂಡು ಇವರ ಮುಂದೆ ನಿಂತೆ. ಲಕೋಟೆ ಅಂಟಿಸುವ ಮುಂಚೆ ನೀವೇನಾದರೂ ಸೇರಿಸಿದಿರಾ ಎಂದು ಕೇಳಿದೆ. ಇಲ್ಲ ಅಂದರು. ಮಗುವಿನ ಮೇಲೆ ಆಣೆ ಇಡಲು ಬಂದರು, ಕೈ ತಳ್ಳಿದೆ. ಸೇರಿಸಿರಬಹುದು, ಸೇರಿಸದೇ ಇರಬಹುದು. ನನಗೆ ಗೊತ್ತಾಗುವ ದಾರಿಯೇ ಇಲ್ಲ. ಸುಳ್ಳು ಹೇಳಿದವರು ಮಾಡುವ ಅನ್ಯಾಯ ಅದೇ ನೋಡಿ. ಅವರು ನಿಜ ಹೇಳಿದ ದಿನವೂ ನಮಗೆ ನೆಮ್ಮದಿ ಸಿಗುವುದಿಲ್ಲ.

ಈಶಾಗೆ ಈಗ ಹತ್ತು ತಿಂಗಳು ತುಂಬಿದೆ. ಗುಂಡುಗುಂಡಗಿದ್ದಾಳೆ, ಮನೆಯೆಲ್ಲ ಅಂಬೆಗಾಲಿಡುತ್ತಾಳೆ. ಸದ್ದು ಇಲ್ಲ, ವಾಸನೆ ಇಲ್ಲ. ತೊಟ್ಟಿಲು ಪದ್ಮಕ್ಕನ ಮನೆಗೆ ಹೋಯಿತು. ಎಲ್ಲ ಮುಗಿಯಿತು ಎನ್ನುತ್ತಾರೆ ಇವರು.

ಆದರೆ ಸಂಜೆ ಆರೂವರೆ ದಾಟುತ್ತಿದ್ದ ಹಾಗೆ ಅವಳು ಕೈಲಿರುವ ಆಟದ ಸಾಮಾನು ಬಿಡುತ್ತಾಳೆ. ಆ ಕೋಣೆಯ ಆ ಮೂಲೆಗೆ ಹೋಗುತ್ತಾಳೆ. ಮೊಣಕಾಲೂರಿ ಕೂತು, ಎರಡೂ ಅಂಗೈಗಳನ್ನು ನೆಲಕ್ಕೆ ಒತ್ತಿ... ಮುಂದಕ್ಕೆ, ಹಿಂದಕ್ಕೆ. ಮುಂದಕ್ಕೆ, ಹಿಂದಕ್ಕೆ. ಮೂಗಿನಲ್ಲಿ ಏನೋ ಗುನುಗುತ್ತಾಳೆ. ಯಾರೂ ಅವಳಿಗೆ ಅದನ್ನು ತೋರಿಸಿಲ್ಲ. ಈ ಮನೆಯಲ್ಲಿ ಬೀಸುವ ಕಲ್ಲೇ ಇಲ್ಲ. ಎತ್ತಿ ಗೋಡೆಯ ಈ ತುದಿಗೆ ಕೂರಿಸಿದರೆ ತೆವಳಿಕೊಂಡು ಮತ್ತೆ ಅಲ್ಲಿಗೇ ಹೋಗುತ್ತಾಳೆ, ಎಡಗಡೆ ಇಬ್ಬರು ಕೂರುವಷ್ಟು ಜಾಗ ಬಿಟ್ಟು.

ನಿನ್ನೆ ನನಗೆ ತಡೆಯಲಾಗಲಿಲ್ಲ. ಇದು ನನ್ನ ಮನೆ, ಇವಳು ನನ್ನ ಮೊಮ್ಮಗಳು ಎಂದುಕೊಂಡು ಹೋಗಿ ಅವಳ ಎಡಕ್ಕೆ, ಆ ಖಾಲಿ ಜಾಗದಲ್ಲಿ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟೆ.

ಅವಳು ಕೈ ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಪುಟ್ಟ ಕೈಯಿಂದ ನನ್ನ ತೊಡೆಯನ್ನು ಮೆಲ್ಲಗೆ ತಳ್ಳಿದಳು. ಹಟವಿಲ್ಲ, ಅಳುವಿಲ್ಲ... ಬೇರೆಯವರ ಜಾಗದಲ್ಲಿ ಕೂತವರನ್ನು ಏಳಿಸುವ ಹಾಗೆ.

ನಾನು ಎದ್ದೆ. ಅವಳು ಆ ಖಾಲಿ ಜಾಗದ ಕಡೆ ತಿರುಗಿ ಎರಡೂ ಕೈ ಒಡ್ಡಿದಳು, ಏನನ್ನೋ ತೆಗೆದುಕೊಂಡಳು, ಮತ್ತೆ ಉಜ್ಜತೊಡಗಿದಳು.

ನಡುಮನೆಯಿಂದ ಇವರು ಕೇಳಿದರು, "ಏನಾಯ್ತೇ?"

ನಾನು ಆ ಕೋಣೆಯ ಬಾಗಿಲನ್ನು ಒಳಗಿಂದ ಮುಚ್ಚಿದೆ.